ಸಹಿ ಹಾಕೋ ದಿನ ಮಾತ್ರ ಕೇಳೋ ಪ್ರಶ್ನೆ

ನಮ್ಮ ದೊಡ್ಡಪ್ಪನ ಮಗ ಒಬ್ಬ ಇದಾನೆ, ಶಿರಸಿಯಿಂದ ಒಂದಷ್ಟು ಒಳಗಿರೋ ಊರು, ವಯಸ್ಸು ನಲವತ್ತರ ಹತ್ರ ಬಂತು, ಹುಟ್ಟಿದಾಗಿಂದ ಡೌನ್ ಸಿಂಡ್ರೋಮ್. ನಾವು ಚಿಕ್ಕವ್ರೆಲ್ಲ ಅಣ್ಣಯ್ಯ ಅಂತೀವಿ. ಇಷ್ಟು ವರ್ಷದಲ್ಲಿ ಅವನ ಬುದ್ಧಿ ಎಷ್ಟಿದೆ ಅಂತ ಯಾರೂ ತಲೆ ಕೆಡಿಸ್ಕೊಂಡಿರ್ಲಿಲ್ಲ. ರೇಷನ್ ಕಾರ್ಡಿಗೆ ಹೆಸರು ಸೇರಿಸೋವಾಗ ಕೇಳ್ಲಿಲ್ಲ, ಪಿಂಚಣಿ ಅರ್ಜಿಗೆ ಹೆಬ್ಬೆಟ್ಟು ಒತ್ತಿಸ್ಕೊಂಡ್ರು, ಓಟಿನ ದಿನ ಅಂತೂ ಬೈಕಲ್ಲಿ ಕೂರಿಸ್ಕೊಂಡು ಬೂತ್ ತನಕ ಬಿಟ್ಟು ಬಂದೋರು ಇದಾರೆ. ದೊಡ್ಡಪ್ಪ ತೀರಿಕೊಂಡು ಪೌತಿ ಖಾತೆ ಆಗಿ ಪಹಣಿಯಲ್ಲಿ ಅವನ ಹೆಸರೂ ಬಂತು ನೋಡಿ, ಅಲ್ಲಿಂದ ಶುರು. ಹಿಸ್ಸೆ, ಅಂದ್ರೆ ಆಸ್ತಿ ಪಾಲು, ಮಾಡ್ಬೇಕು ಅಂದ್ರೆ ಅವನ ಸಹಿ ಬೇಕು, ಸಹಿ ಬೇಕು ಅಂದ ಕೂಡ್ಲೇ ಎಲ್ಲರಿಗೂ ಒಂದೇ ಅನುಮಾನ, ಇವನ ಸಹಿ ನಡಿಯತ್ತಾ?

ಕಾನೂನಲ್ಲಿ ಇದಕ್ಕೆ ಲೀಗಲ್ ಕೆಪಾಸಿಟಿ ಅಂತಾರೆ. ಎರಡು ಭಾಗ ಇದೆ ಅದ್ರಲ್ಲಿ: ಆಸ್ತಿ, ಹಕ್ಕು ಇವೆಲ್ಲ ನಿನ್ನ ಹೆಸರಲ್ಲಿ ಇರಬಹುದಾ ಅನ್ನೋದು ಒಂದು, ಅದನ್ನ ನೀನೇ ಚಲಾಯಿಸಬಹುದಾ ಅನ್ನೋದು ಇನ್ನೊಂದು. ನಮ್ಮಲ್ಲಿ ಮೊದಲನೇದು ಬಗೆಹರಿದು ತುಂಬಾ ಕಾಲ ಆಯ್ತು. ಹಳೇ ಹಿಂದೂ ಕಾನೂನಲ್ಲಿ ಹುಟ್ಟು ಕುರುಡರಿಗೆ, ಕಿವುಡರಿಗೆ, ಮೂಕರಿಗೆ ಪಾಲೇ ಇರ್ಲಿಲ್ಲ, 1928ರಲ್ಲಿ ಬ್ರಿಟಿಷರ ಕಾಲದ ಒಂದು ಕಾಯ್ದೆ ಅದನ್ನ ತೆಗೀತು, ಆದ್ರೆ ಹುಟ್ಟಿನಿಂದ ಬುದ್ಧಿ ಸರಿಯಿಲ್ಲದವ್ರನ್ನ ಮಾತ್ರ ಹೊರಗೇ ಇಡ್ತು. ಆ ಬಾಗಿಲು ತೆರೆದಿದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಸೆಕ್ಷನ್, ರೋಗ, ದೋಷ, ಅಂಗವಿಕಲತೆ ಯಾವ ಕಾರಣಕ್ಕೂ ವಾರಸುದಾರಿಕೆ ತಪ್ಪಿಸೋ ಹಾಗಿಲ್ಲ ಅಂತ. ಹಂಗಾಗಿ ಅಣ್ಣಯ್ಯನ ಪಾಲು ಅಣ್ಣಯ್ಯಂದೇ, ಅದ್ರಲ್ಲಿ ತಕರಾರಿಲ್ಲ. ತಕರಾರಿರೋದು ಎರಡನೇದ್ರಲ್ಲಿ. ಪಾಲು ನಿಂದು, ಆದ್ರೆ ಅದ್ರ ಬಗ್ಗೆ ಮಾತಾಡೋಕೆ ನೀನು ಯಾರು, ಅನ್ನೋ ಸ್ಥಿತಿ.

ಬಹಳ ಜನ ತಂದೆ ತಾಯಿಗೆ ಗೊತ್ತಿಲ್ಲದ ಒಂದು ವಿಷಯ ಹೇಳ್ಬಿಡ್ತೀನಿ. ಮಗುಗೆ 18 ತುಂಬಿದ ದಿನ ನೀವು ಕಾನೂನು ಪ್ರಕಾರ ಗಾರ್ಡಿಯನ್ ಅಲ್ಲ. ಮಗ ಮಾತಾಡ್ಲಿ ಬಿಡ್ಲಿ, ಎದ್ದು ಕೂತ್ಕೊಳ್ಳೋಕೆ ಆಗ್ಲಿ ಬಿಡ್ಲಿ, 18ರ ನಂತರ ಅವನು ವಯಸ್ಕನೇ. ಅಲ್ಲೀ ತನಕ ಬ್ಯಾಂಕಲ್ಲಿ ಮೈನರ್ ಅಕೌಂಟ್ ಸಲೀಸಾಗಿ ನಡೆಸಿದ ಅಮ್ಮನಿಗೆ ಒಂದು ದಿನ ಇದ್ದಕ್ಕಿದ್ದಂಗೆ ಕೌಂಟರಲ್ಲಿ ಗಾರ್ಡಿಯನ್‌ಶಿಪ್ ಸರ್ಟಿಫಿಕೇಟ್ ತನ್ನಿ ಅಂತಾರೆ. ನಮಗೂ ಅದೇ ಆಯ್ತು, ಯಾವ ಬ್ಯಾಂಕು ಅಂತ ಹೇಳೋದಿಲ್ಲ, ಹೇಳಿದ್ರೂ ಉಳಿದ ಕಡೆ ಇದಕ್ಕಿಂತ ಬೇರೆ ಉತ್ತರ ಸಿಗತ್ತೆ ಅಂತ ನನಗೇನೂ ಅನ್ಸಲ್ಲ.

ಸರಿ, ಬ್ಯಾಂಕಿನವ್ರು ಯಾಕೆ ಹಂಗೆ ಕೇಳ್ತಾರೆ? ಅವರನ್ನ ಬೈದು ಪ್ರಯೋಜನ ಇಲ್ಲ. ನಮ್ಮ ಕರಾರು ಕಾಯ್ದೆ 1872ದ್ದು, ಅದ್ರಲ್ಲಿ ಸ್ವಸ್ಥ ಮನಸ್ಸು ಇದ್ದೋರು ಮಾತ್ರ ಕರಾರು ಮಾಡ್ಬಹುದು ಅಂತ ಇದೆ. 1908ರ ನೋಂದಣಿ ಕಾಯ್ದೆಯಲ್ಲಂತೂ ಎದುರಿಗೆ ಬಂದು ನಿಂತವ್ರು ಅಪ್ರಾಪ್ತರು ಅಥವಾ ಬುದ್ಧಿ ಇಲ್ಲದವ್ರು ಅಥವಾ ಹುಚ್ಚರು ಅಂತ ಆಫೀಸರಿಗೆ *ಕಂಡ್ರೆ* ದಸ್ತಾವೇಜು ನೋಂದಣಿ ಮಾಡೋ ಹಾಗಿಲ್ಲ ಅಂತಿದೆ. ಕಂಡ್ರೆ ಸಾಕು. ಡೌನ್ ಸಿಂಡ್ರೋಮ್ ಇರೋರ ಮುಖ ನೋಡಿದ್ರೆ ಯಾರಿಗೆ ಬೇಕಾದ್ರೂ ಗೊತ್ತಾಗತ್ತೆ, ಅಲ್ಲಿಗೆ ಮುಗೀತು. ಅದೇ ಲೋಕವೆಲ್ಲ ಸಾಲ ಮಾಡಿ ಓಸಿ ಮಟ್ಕಾ ಆಡಿ ತೋಟ ಕಳೆಯೋನು ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬಂದ್ರೆ ಯಾರೂ ಏನೂ ಕೇಳಲ್ಲ.

ಆದ್ರೆ 1872ರ ಕಾಯ್ದೆನ ಸರಿಯಾಗಿ ಓದಿದ್ರೆ ಅದು ನಾವು ಅಂದ್ಕೊಂಡಷ್ಟು ಕೆಟ್ಟದ್ದಲ್ಲ, ನನಗೇ ಆಶ್ಚರ್ಯ ಆಯ್ತು. 12ನೇ ಸೆಕ್ಷನ್ ಕೇಳೋದು ಈ ಮನುಷ್ಯ ಬುದ್ಧಿವಂತನಾ ಅಂತಲ್ಲ, ಈ ಕರಾರು ಮಾಡೋ ಹೊತ್ತಲ್ಲಿ ಈ ಕರಾರನ್ನ ಅರ್ಥ ಮಾಡ್ಕೊಂಡು ಇದ್ರಿಂದ ತನಗೆ ಒಳ್ಳೇದಾ ಕೆಟ್ಟದ್ದಾ ಅಂತ ತೂಗಿ ನೋಡೋಕೆ ಆಗತ್ತಾ ಅಂತ. ಅದ್ರಲ್ಲೇ ಕೊಟ್ಟಿರೋ ಉದಾಹರಣೆ ನೋಡಿ, ಹುಚ್ಚಾಸ್ಪತ್ರೆಯಲ್ಲಿ ಇರೋ ರೋಗಿ ಕೂಡ ಮನಸ್ಸು ಸರಿ ಇರೋ ಹೊತ್ತಲ್ಲಿ ಕರಾರು ಮಾಡ್ಬಹುದು, ಆದ್ರೆ ಜ್ವರ ತಲೆಗೇರಿ ಬಡಬಡಿಸ್ತಾ ಇರೋ ಸ್ವಸ್ಥ ಮನುಷ್ಯ, ಕುಡಿದು ಏನೂ ತಿಳಿಯದ ಸ್ವಸ್ಥ ಮನುಷ್ಯ ಆ ಹೊತ್ತಲ್ಲಿ ಮಾಡೋ ಹಾಗಿಲ್ಲ. ಅಂದ್ರೆ ನೂರೈವತ್ತು ವರ್ಷದ ಹಿಂದೆನೇ ಪ್ರಶ್ನೆ ಇದ್ದಿದ್ದು ಆ ಒಂದು ಹೊತ್ತಿಂದು, ಆ ಒಂದು ಕಾಗದದ್ದು. ಅದನ್ನ ಇಡೀ ಮನುಷ್ಯನ ಮೇಲೆ, ಇಡೀ ಜನ್ಮದ ಮೇಲೆ ಹಚ್ಚಿದ್ದು ನಾವು.

ಇನ್ನು ಹೊಸ ಕಾನೂನು. ವಿಶ್ವಸಂಸ್ಥೆಯಲ್ಲಿ 2006ರಲ್ಲಿ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಆಯ್ತು, ಭಾರತ 2007ರಲ್ಲೇ ಒಪ್ಕೊಂಡಿತು. ಅದರ 12ನೇ ವಿಧಿ ಹೇಳೋದು ಎಲ್ಲರಿಗೂ ಕಾನೂನು ಸಾಮರ್ಥ್ಯ ಸಮ, ಅದನ್ನ ಬಳಸೋಕೆ ಬೇಕಾದ ಸಹಾಯ ಕೊಡೋದು ಸರ್ಕಾರದ ಕೆಲಸ. ಅದಕ್ಕೆ ತಕ್ಕಂಗೆ ನಮ್ಮಲ್ಲಿ 2016ರಲ್ಲಿ ಅಂಗವಿಕಲರ ಹಕ್ಕುಗಳ ಹೊಸ ಕಾಯ್ದೆ ಬಂತು, 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 21 ಬಗೆ ಅಂಗವೈಕಲ್ಯ ಸೇರಿಸಿದ್ರು ಅಂತ ಎಲ್ಲರಿಗೂ ಗೊತ್ತು, ಯಾಕಂದ್ರೆ ಸರ್ಟಿಫಿಕೇಟು, ರಿಸರ್ವೇಶನ್ನು ಅದ್ರ ಮೇಲೆ ನಿಂತಿದೆ. 13ನೇ ಸೆಕ್ಷನ್ ಬಗ್ಗೆ ಮಾತಾಡೋರು ನನಗಂತೂ ಸಿಕ್ಕಿಲ್ಲ. ಆಸ್ತಿ ಹೊಂದೋದು, ಪಿತ್ರಾರ್ಜಿತ ಪಡೆಯೋದು, ತಮ್ಮ ಹಣಕಾಸು ತಾವೇ ನೋಡ್ಕೊಳ್ಳೋದು, ಬ್ಯಾಂಕ್ ಸಾಲ ತಗೊಳ್ಳೋದು ಎಲ್ಲದ್ರಲ್ಲೂ ಉಳಿದವ್ರಷ್ಟೇ ಹಕ್ಕು ಅಂತ ಅದು ಹೇಳತ್ತೆ. ಸಹಾಯ ಮಾಡೋ ವ್ಯಕ್ತಿಗೆ ಆ ವ್ಯವಹಾರದಲ್ಲಿ ಸ್ವಂತ ಲಾಭ ಇದ್ರೆ ಅವ್ರು ಅಷ್ಟರ ಮಟ್ಟಿಗೆ ಪಕ್ಕಕ್ಕೆ ಸರೀಬೇಕು, ಒತ್ತಡ ಹಾಕೋ ಹಾಗಿಲ್ಲ, ಮತ್ತೆ ಸಹಾಯ ತಗೊಳ್ಳೋನಿಗೆ ಆ ಸಹಾಯಕ ಬೇಡ ಅನ್ಸಿದ್ರೆ ಬದಲಾಯಿಸೋ ಹಕ್ಕೂ ಇದೆ.

ಹೀಗೆ ಸಹಾಯ ತಗೊಂಡು ತಾನೇ ತೀರ್ಮಾನ ಮಾಡೋದಕ್ಕೆ ಸಪೋರ್ಟೆಡ್ ಡಿಸಿಶನ್ ಮೇಕಿಂಗ್ ಅಂತ ದೊಡ್ಡ ಹೆಸರು ಇಟ್ಟಿದಾರೆ ಅಷ್ಟೇ, ವಿಷಯ ನಮಗೆ ಹೊಸದಲ್ಲ. ನಮ್ಮ ಕಡೆ ಅಡಿಕೆ ಬೆಳೆಯೋ ಯಾವನಾದ್ರೂ ಈ ವರ್ಷ ಚಾಲಿ ಮಾಡ್ಬೇಕಾ ಕೆಂಪಡಿಕೆ ಮಾಡ್ಬೇಕಾ ಅನ್ನೋದನ್ನ ಒಬ್ಬನೇ ಕೂತು ತೀರ್ಮಾನ ಮಾಡ್ತಾನಾ? ಪಕ್ಕದ ಮನೆಯವ್ನ ಕೇಳ್ತಾನೆ, ಸೊಸೈಟಿಯಲ್ಲಿ ರೇಟು ವಿಚಾರಿಸ್ತಾನೆ, ಹೆಂಡತಿ ಹತ್ರ ಬೈಸ್ಕೊಳ್ತಾನೆ, ಕೊನೆಗೆ ಎರಡೂ ಸ್ವಲ್ಪ ಸ್ವಲ್ಪ ಮಾಡ್ತಾನೆ. ಕಾರವಾರ ಅಂಕೋಲಾ ಕಡೆ ಹೈವೇಗೆ, ಸೀಬರ್ಡ್ ನೌಕಾನೆಲೆಗೆ ಜಾಗ ಹೋದವ್ರು ಪರಿಹಾರದ ಕಾಗದ ಹಿಡ್ಕೊಂಡು ಎಷ್ಟು ವಕೀಲರ ಮನೆ ಮೆಟ್ಟಿಲು ಹತ್ತಿದಾರೆ ಲೆಕ್ಕ ಇಲ್ಲ. ಅವ್ರಿಗೆಲ್ಲ ಯಾರೂ ನೀನು ಸ್ವಂತ ಯೋಚನೆ ಮಾಡ್ಲಿಲ್ಲ, ಹಂಗಾಗಿ ನಿನ್ನ ಸಹಿ ನಡಿಯಲ್ಲ ಅಂದಿಲ್ಲ. ಅಣ್ಣಯ್ಯನಿಗೆ ಬೇಕಾಗಿರೋ ಸಹಾಯ ಅದಕ್ಕಿಂತ ಜಾಸ್ತಿ ಇರಬಹುದು, ಬೇರೆ ಜಾತಿಯದ್ದಂತೂ ಅಲ್ಲ.

ಸರ್ಕಾರಕ್ಕೂ ಇದು ಹೊಸದಲ್ಲ. ಚುನಾವಣಾ ನಿಯಮ 49-ಎನ್ ಅಂತ ಒಂದಿದೆ, ಕಣ್ಣು ಕಾಣದವ್ರು ಅಥವಾ ಮೈಯಲ್ಲಿ ಶಕ್ತಿ ಇಲ್ಲದವ್ರು ಬೂತ್ ಒಳಗೆ 18 ದಾಟಿದ ಒಬ್ಬ ಜೊತೆಗಾರನ್ನ ಕರ್ಕೊಂಡು ಹೋಗ್ಬಹುದು. ಆ ಜೊತೆಗಾರ ಓಟು ಒತ್ತಬೇಕಾಗಿದ್ದು ಮತದಾರನ ಇಚ್ಛೆ ಪ್ರಕಾರ, ಗುಟ್ಟು ಬಿಟ್ಟುಕೊಡಲ್ಲ ಅಂತ ಬರೆದು ಕೊಡ್ಬೇಕು, ಮತ್ತೆ ಒಂದು ದಿನಕ್ಕೆ ಒಬ್ಬನೇ ಒಬ್ಬನಿಗೆ ಜೊತೆಗಾರ ಆಗ್ಬಹುದು, ಊರಿನ ಮುದುಕರನ್ನೆಲ್ಲ ಸಾಲಾಗಿ ತಂದು ತಾನೇ ಒತ್ತಿ ಹೋಗೋ ಹಾಗಿಲ್ಲ. ಸಹಾಯಕ ಇದಾನೆ, ಇಚ್ಛೆ ಮತದಾರಂದು, ದುರುಪಯೋಗಕ್ಕೆ ಬೇಲಿ ಇದೆ. ದೇಹದ ತೊಂದರೆಗೆ ಮಾತ್ರ ಇರೋ ನಿಯಮ ಅದು, ಒಪ್ಪಿದೆ. ಆದ್ರೆ ಎಂಎಲ್ಎ ಆರಿಸೋ ಕೆಲಸದಲ್ಲಿ ನಂಬೋ ಈ ಏರ್ಪಾಡನ್ನ ಹತ್ತು ಗುಂಟೆ ತೋಟದ ಕಾಗದದಲ್ಲಿ ಯಾಕೆ ನಂಬಲ್ಲ?

ನಮ್ಮನೇಲಿ ಏನಾಯ್ತು ಹೇಳ್ತೀನಿ. ಮೊದಲ ಸಲ ಹಿಸ್ಸೆ ಕರಡು ತಂದಾಗ ಅಣ್ಣಯ್ಯನ್ನ ಜಗಲಿಯಲ್ಲಿ ಎಲ್ಲರ ಎದುರು ಕೂರಿಸಿ, ನಿನ್ನ ಪಾಲು ತಮ್ಮನಿಗೆ ಬಿಟ್ಟುಕೊಡ್ತೀಯಾ ಅಂತ ಕೇಳಿದ್ರು. ಹೂಂ ಅಂದ. ಒಪ್ಪಿದಾನೆ ನೋಡಿ ಅಂದ್ರು. ನನಗೆ ಯಾಕೋ ಅನುಮಾನ ಬಂದು, ಸ್ವಲ್ಪ ಹೊತ್ತು ಬಿಟ್ಟು, ನಿನ್ನ ಪಾಲು ನೀನೇ ಇಟ್ಕೊಳ್ತೀಯಾ ಅಂದೆ. ಅದಕ್ಕೂ ಹೂಂ. ಎದುರಿಗಿದ್ದೋರು ಸಿಟ್ಟಾಗ್ಬಾರ್ದು ಅಂತ ಹೂಂ ಅನ್ನೋ ಅಭ್ಯಾಸ ಅವಂದು, ಇಡೀ ಜೀವನ ಅದೇ ಕಲಿಸಿದೀವಿ ನಾವು. ಇದನ್ನ ನೋಡಿ ನೋಡಿ, ಅವನಿಗೆ ಏನೂ ತಿಳಿಯಲ್ಲ ಅಂತ ಎಲ್ಲ ಕೈ ತೊಳ್ಕೊಳ್ಳೋದು ಸುಲಭ. ಆದ್ರೆ ತಪ್ಪಿದ್ದು ಪ್ರಶ್ನೆ ಕೇಳಿದ ರೀತಿ.

ಆಮೇಲೆ ಬೇರೆ ಥರ ಮಾಡಿದ್ವಿ. ಬೆಳಿಗ್ಗೆ ಹೊತ್ತು, ಯಾಕಂದ್ರೆ ಊಟ ಆದ್ಮೇಲೆ ಅವನಿಗೆ ನಿದ್ದೆ. ತಮ್ಮಂದಿರು ಯಾರೂ ಇಲ್ದೆ, ದೊಡ್ಡಾಯಿ, ಅಂದ್ರೆ ಅವನ ಅಮ್ಮ, ಮತ್ತೆ ನಾನು ಇಬ್ಬರೇ. ಕಾಗದ ಓದಿ ಹೇಳೋ ಬದ್ಲು ತೋಟಕ್ಕೇ ಕರ್ಕೊಂಡು ಹೋಗಿ, ಈ ಅಗಳದಿಂದ ಆ ಹಲಸಿನ ಮರದ ತನಕ ನಿಂದು, ಅಲ್ಲಿಂದ ಆಚೆ ತಮ್ಮಂದು ಅಂತ ನಡೆದು ತೋರಿಸಿದ್ವಿ. ಹೂಂ ಊಹೂಂ ಪ್ರಶ್ನೆ ಬಿಟ್ಟು, ಇದಾ ಅದಾ ಅಂತ ಕೇಳಿದ್ವಿ. ಒಂದು ವಾರ ಬಿಟ್ಟು ಮತ್ತೆ ಅದನ್ನೇ ತಿರುಗಿಸಿ ಕೇಳಿದ್ವಿ, ಉತ್ತರ ಬದಲಾಗ್ಲಿಲ್ಲ. ಅವನು ವಾಪಸ್ ಒಂದೇ ಪ್ರಶ್ನೆ ಕೇಳಿದ. ಕೊಟ್ಟಿಗೆ ಯಾರಿಗೆ? ಕರಡು ತೆಗೆದು ನೋಡ್ತೀವಿ, ಕೊಟ್ಟಿಗೆ ಎಲ್ಲೂ ಬರೆದೇ ಇಲ್ಲ. ಓದಿದ ನಾಲ್ಕು ಜನ, ಜೊತೆಗೆ ಒಬ್ರು ವಕೀಲ್ರು, ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ. ದಿನಾ ಬೆಳಿಗ್ಗೆ ದನಕ್ಕೆ ಹುಲ್ಲು ಹಾಕೋನಿಗೆ ಮಾತ್ರ ಬಿತ್ತು.

ಅದಕ್ಕೇ ಹೇಳೋದು, ಸಹಾಯ ಅಂದ್ರೆ ಅವನ ಪರವಾಗಿ ಯೋಚನೆ ಮಾಡೋದಲ್ಲ. ಕಿವಿ ಕೇಳದ ಮೀನುಗಾರನಿಗೆ ಸೈನ್ ಲ್ಯಾಂಗ್ವೇಜ್ ಬರೋರು ಒಬ್ಬರು ಬೇಕು, ಅವನಿಗೆ ಬುದ್ಧಿ ಹೇಳೋರು ಬೇಡ. ಕಣ್ಣು ಕಾಣದವ್ರಿಗೆ ಚೆಕ್ ಬುಕ್, ಎಟಿಎಂ, ಲಾಕರ್ ಯಾವುದನ್ನೂ ನಿರಾಕರಿಸಬಾರ್ದು ಅಂತ ರಿಸರ್ವ್ ಬ್ಯಾಂಕ್ 2008ರಲ್ಲೇ ಸುತ್ತೋಲೆ ಹೊರಡಿಸಿದೆ, ಹಂಗಿದ್ದೂ ಕೌಂಟರಲ್ಲಿ ಜೊತೆಗೆ ಯಾರಾದ್ರೂ ಬಂದಿದಾರಾ ಅಂತಾನೇ ಮೊದಲು ಕೇಳ್ತಾರೆ.

ಈಗ ಗಾರ್ಡಿಯನ್ ವಿಷಯ. ಇಲ್ಲಿ ಎರಡು ದಾರಿ ಇದೆ, ಎರಡೂ ಒಂದಕ್ಕೊಂದು ಸರಿಯಾಗಿ ಕೂಡಿಲ್ಲ. ಒಂದು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ ಮಾತ್ರ. ಜಿಲ್ಲಾ ಮಟ್ಟದಲ್ಲಿ ಡೀಸಿ ದರ್ಜೆಯ ಅಧಿಕಾರಿ, ಒಂದು ನೋಂದಾಯಿತ ಸಂಸ್ಥೆಯವ್ರು, ಅಂಗವಿಕಲರು ಒಬ್ಬರು ಸೇರಿ ಸ್ಥಳೀಯ ಸಮಿತಿ ಇರತ್ತೆ, ನಮಗೆ ಅಂದ್ರೆ ಕಾರವಾರ. ಕೋರ್ಟು ಕಚೇರಿ ಇಲ್ದೆ ಅಲ್ಲೇ ಗಾರ್ಡಿಯನ್ ನೇಮಿಸ್ತಾರೆ. ಬ್ಯಾಂಕುಗಳು ಈ ಸಮಿತಿ ಕೊಟ್ಟ ಸರ್ಟಿಫಿಕೇಟ್ ನಂಬಿ ಖಾತೆ ತೆರೀಬಹುದು ಅಂತ ರಿಸರ್ವ್ ಬ್ಯಾಂಕ್ 2007ರಲ್ಲಿ ಹೇಳ್ತು. ಕೌಂಟರಲ್ಲಿ ಬರೋ ಡಿಮಾಂಡಿನ ಬೇರು ಇದೇ. ಸರ್ಟಿಫಿಕೇಟ್ ಇದ್ರೆ ಒಪ್ಕೊಳ್ಳಿ ಅಂದಿದ್ದನ್ನ ಸರ್ಟಿಫಿಕೇಟ್ ಇಲ್ದೆ ಒಪ್ಬೇಡಿ ಅಂತ ಓದ್ಕೊಂಡ್ರು.

ಎರಡನೇದು 2016ರ ಕಾಯ್ದೆಯ 14ನೇ ಸೆಕ್ಷನ್, ಸೀಮಿತ ಗಾರ್ಡಿಯನ್. ಸಾಕಷ್ಟು ಸಹಾಯ ಕೊಟ್ಟು ನೋಡಿದ ಮೇಲೂ ತೀರ್ಮಾನ ತಗೊಳ್ಳೋಕೆ ಆಗದೇ ಇದ್ರೆ ಮಾತ್ರ, ಜಿಲ್ಲಾ ನ್ಯಾಯಾಲಯ ಅಥವಾ ರಾಜ್ಯ ಸರ್ಕಾರ ಗೊತ್ತು ಮಾಡಿದ ಪ್ರಾಧಿಕಾರ ಒಂದು ನಿರ್ದಿಷ್ಟ ಕೆಲಸಕ್ಕೆ, ಒಂದು ನಿರ್ದಿಷ್ಟ ಅವಧಿಗೆ ಗಾರ್ಡಿಯನ್ ಕೊಡಬಹುದು, ಅವ್ರು ಕೂಡ ಆ ವ್ಯಕ್ತಿ ಜೊತೆ ಸಮಾಲೋಚಿಸಿ, ಅವನ ಇಚ್ಛೆ ಪ್ರಕಾರ ನಡೀಬೇಕು. ಓದೋಕೆ ಚೆನ್ನಾಗಿದೆ. ಆದ್ರೆ ಅದೇ ಸೆಕ್ಷನ್ನಲ್ಲಿ ಪೂರ್ತಿ ಬೆಂಬಲ ಅನ್ನೋ ಹೆಸರಲ್ಲಿ ಎಲ್ಲ ತೀರ್ಮಾನನೂ ಬೇರೆಯವ್ರ ಕೈಗೆ ಹೋಗೋಕೂ ಒಂದು ಸಂದು ಬಿಟ್ಟಿದಾರೆ. 2019ರಲ್ಲಿ ವಿಶ್ವಸಂಸ್ಥೆ ಸಮಿತಿ ಭಾರತದ ವರದಿ ನೋಡಿದಾಗ ಗಾರ್ಡಿಯನ್ ಪದ್ಧತಿ ಉಳಿಸ್ಕೊಂಡಿದ್ದಕ್ಕೆ ಆಕ್ಷೇಪ ಎತ್ತಿತ್ತು.

ನನ್ನ ಲೆಕ್ಕದಲ್ಲಿ ಅಸಲಿ ತೊಂದರೆ ಕಾಗದದ್ದು. ಗಾರ್ಡಿಯನ್‌ಶಿಪ್‌ಗೆ ಒಂದು ಸರ್ಟಿಫಿಕೇಟ್ ಇದೆ, ಸೀಲು ಇದೆ, ಫೈಲಿಗೆ ಪಂಚ್ ಮಾಡಿ ಹಾಕ್ಬಹುದು. ಸಹಾಯ ತಗೊಂಡು ತಾನೇ ತೀರ್ಮಾನ ಮಾಡಿದ ಅನ್ನೋದಕ್ಕೆ ಕೌಂಟರಲ್ಲಿ ಕೇಳಿದ್ರೆ ಕೊಡೋ ಅಂಥ ಯಾವ ಕಾಗದನೂ ನಮ್ಮ ಕೈಲಿಲ್ಲ. ನಾಳೆ ಆಡಿಟ್ ಬಂದ್ರೆ ಮ್ಯಾನೇಜರ್ ಏನು ತೋರಿಸ್ಬೇಕು? ಹಂಗಾಗಿ ಒಳ್ಳೇ ಮನಸ್ಸಿನ ಆಫೀಸರ್ ಕೂಡ ನಮ್ಮನ್ನ ಗಾರ್ಡಿಯನ್ ಕಡೆಗೇ ತಳ್ತಾರೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1996ರ ಕಾಯ್ದೆಯಲ್ಲಿ ಇದಕ್ಕೇ ಅಂತ ಒಪ್ಪಂದ ಪತ್ರ ಇದೆ, ನನಗೆ ಇಂಥವ್ರು ಸಹಾಯ ಮಾಡ್ತಾರೆ ಅಂತ ಆ ವ್ಯಕ್ತಿನೇ ಬರೆದುಕೊಡೋದು. ಪೆರು 2018ರಲ್ಲಿ, ಕೊಲಂಬಿಯಾ 2019ರಲ್ಲಿ ವಯಸ್ಕ ಅಂಗವಿಕಲರ ಗಾರ್ಡಿಯನ್ ಪದ್ಧತಿನೇ ತೆಗೆದು ಸಹಾಯದ ಒಪ್ಪಂದಕ್ಕೆ ಬಂದ್ವು. ಐರ್ಲೆಂಡ್ 1871ರ ಹುಚ್ಚರ ಕಾಯ್ದೆ ಇಟ್ಕೊಂಡೇ ಬಂದು 2023ರಲ್ಲಿ ಕೈಬಿಡ್ತು. ನಮ್ಮಲ್ಲೂ ಒಂದು ಫಾರಂ ಬಂದ್ರೆ ಅರ್ಧ ಜಗಳ ಮುಗಿಯತ್ತೆ, ನಗಬೇಡಿ, ನಮ್ಮ ದೇಶದಲ್ಲಿ ಹಕ್ಕಿಗೆ ಕಾಲು ಬರೋದು ಫಾರಂ ಬಂದ್ಮೇಲೆನೇ.

ಇನ್ನೊಂದು ಕಡೆಯವ್ರ ಮಾತನ್ನೂ ಕೇಳ್ಬೇಕು. ಕೋಮಾದಲ್ಲಿ ಮಲಗಿರೋರನ್ನ ತೋಟ ಸುತ್ತಿಸಿ ಕೇಳೋಕೆ ಆಗಲ್ಲ. ಪಾರ್ಶ್ವವಾಯು ಹೊಡೆದು ಮಾತು ನಿಂತವ್ರು, ಮರೆವಿನ ಕಾಯಿಲೆ ಜಾಸ್ತಿಯಾದ ಹಿರಿಯರು, ಇವ್ರ ಮನೆಯವ್ರ ಪಾಡು ಇನ್ನೂ ಕಷ್ಟ, ಯಾಕಂದ್ರೆ ನ್ಯಾಷನಲ್ ಟ್ರಸ್ಟ್ ಇವ್ರಿಗೆ ಅನ್ವಯ ಆಗಲ್ಲ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಆಸ್ತಿ ನೋಡ್ಕೊಳ್ಳೋಕೆ ಮ್ಯಾನೇಜರ್ ನೇಮಿಸೋ ದಾರಿ ಇತ್ತು, ಅದ್ರ ಬದ್ಲು ಬಂದ 2017ರ ಕಾಯ್ದೆಯಲ್ಲಿ ಅದಿಲ್ಲ. ಹಂಗಾಗಿ ಆಸ್ಪತ್ರೆ ಬಿಲ್ ಕಟ್ಟೋಕೆ ಗಂಡನ ಎಫ್‌ಡಿ ಮುರಿಸ್ಬೇಕು ಅಂದ್ರೂ ಹೆಂಡತಿ ಹೈಕೋರ್ಟಿಗೆ ರಿಟ್ ಹಾಕೋ ಪರಿಸ್ಥಿತಿ. ಮೊದಲೇ ಪವರ್ ಆಫ್ ಅಟಾರ್ನಿ ಮಾಡಿಸಿದೀವಿ ಅಂದ್ರೂ ಉಪಯೋಗ ಇಲ್ಲ, ಕೊಟ್ಟವ್ರ ಮನಸ್ಸಿನ ಸ್ವಾಸ್ಥ್ಯ ಹೋದ ದಿನ ಅದೂ ಬಿದ್ದುಹೋಗತ್ತೆ. ಬೇಕಾದಾಗಲೇ ಕೈಕೊಡೋ ಕೊಡೆ.

ಅದೇ 2017ರ ಕಾಯ್ದೆ ಚಿಕಿತ್ಸೆ ವಿಷಯದಲ್ಲಿ ಮಾತ್ರ ಬಹಳ ಮುಂದಿದೆ. ನನಗೆ ಹುಷಾರು ತಪ್ಪಿದಾಗ ಹೀಗೆ ಮಾಡಿ, ಹೀಗೆ ಮಾಡ್ಬೇಡಿ ಅಂತ ಮುಂಚೇನೇ ಬರೆದಿಡಬಹುದು, ನನ್ನ ಪರ ಮಾತಾಡೋಕೆ ಯಾರು ಅಂತ ಹೆಸರು ಕೊಡಬಹುದು. ಅದ್ರಲ್ಲಿ ಒಂದು ಸಾಲು ಇದೆ, ಬೇರೆಯವ್ರಿಗೆ ತಪ್ಪು ಅನ್ಸೋ ತೀರ್ಮಾನ ತಗೊಂಡ ಅನ್ನೋ ಒಂದೇ ಕಾರಣಕ್ಕೆ ಅವನಿಗೆ ಸಾಮರ್ಥ್ಯ ಇಲ್ಲ ಅನ್ನೋ ಹಾಗಿಲ್ಲ ಅಂತ. ಈ ಸಾಲನ್ನ ಪ್ರತಿ ಹಿಸ್ಸೆ ಪಂಚಾಯ್ತಿಯಲ್ಲೂ ಗಟ್ಟಿಯಾಗಿ ಓದ್ಬೇಕು. ಸುಪ್ರೀಂ ಕೋರ್ಟ್ 2009ರಲ್ಲೇ ಇದೇ ದಿಕ್ಕಲ್ಲಿ ಹೋಗಿತ್ತು. ಚಂಡೀಗಢದ ಸರ್ಕಾರಿ ಆಶ್ರಯದಲ್ಲಿದ್ದ, ಅಲ್ಪ ಪ್ರಮಾಣದ ಬುದ್ಧಿಮಾಂದ್ಯ ಇದ್ದ ಹೆಣ್ಮಗಳ ಗರ್ಭ ತೆಗೆಸಿ ಅಂತ ಹೈಕೋರ್ಟ್ ಹೇಳಿತ್ತು, ಆಕೆಗೆ ಮಗು ಬೇಕಿತ್ತು, ಆಕೆ ಒಪ್ಪಿಗೆ ಇಲ್ದೆ ಮಾಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ತಡೀತು.

ಮೋಸ ಆದ್ರೆ ಏನು ಗತಿ ಅಂತ ಎಲ್ಲರೂ ಕೇಳ್ತಾರೆ. ಆಗಬಹುದು. ಆದ್ರೆ ಗಾರ್ಡಿಯನ್ ಇದ್ರೆ ಮೋಸ ಆಗಲ್ಲ ಅನ್ನೋ ನಂಬಿಕೆ ಎಲ್ಲಿಂದ ಬಂತು? ಪಾಲು ಹೊಡೆಯೋನು ಹೊರಗಿನವ್ನಾಗಿರೋದಕ್ಕಿಂತ ಒಳಗಿನವ್ನಾಗಿರೋದೇ ಜಾಸ್ತಿ, ಗಾರ್ಡಿಯನ್ ಅರ್ಜಿ ಹಿಡ್ಕೊಂಡು ಓಡಾಡೋನೂ ಒಳಗಿನವ್ನೇ. ಗಾರ್ಡಿಯನ್ ಆದವ್ರು ಆರು ತಿಂಗಳೊಳಗೆ ಆಸ್ತಿ ಪಟ್ಟಿ ಕೊಡ್ಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸ್ಬೇಕು, ದುರುಪಯೋಗ ಮಾಡಿದ್ರೆ ಅವ್ರನ್ನ ತೆಗೆಸೋಕೆ ಸಂಬಂಧಿಕರಾಗ್ಲಿ ನೋಂದಾಯಿತ ಸಂಸ್ಥೆಯಾಗ್ಲಿ ಅರ್ಜಿ ಹಾಕ್ಬಹುದು ಅಂತ 1999ರ ಕಾಯ್ದೆಯಲ್ಲೇ ಇದೆ. ನಿಮ್ಮ ಪೈಕಿ ಯಾರಾದ್ರೂ ಗಾರ್ಡಿಯನ್ ಆಗಿದ್ರೆ ಲೆಕ್ಕ ಕೊಟ್ಟಿದೀರಾ ಅಂತ ಒಮ್ಮೆ ಕೇಳಿ ನೋಡಿ, ಮುಖ ನೋಡಿದ್ರೆ ಸಾಕು.

ದೊಡ್ಡಾಯಿ ಚಿಂತೆ ಬೇರೆ. "ಆನು ಇಪ್ಪಷ್ಟು ದಿನ ಅಡ್ಡಿಲ್ಲೆ", ನಾನಿರೋಷ್ಟು ದಿನ ತೊಂದರೆ ಇಲ್ಲ, ಅಂತಾಳೆ, ಆಮೇಲಿನ ಮಾತು ಬಾಯಿಗೆ ಬರಲ್ಲ. ಆ ಭಯಕ್ಕೇ ಎಲ್ಲ ಹೆತ್ತವ್ರೂ ಗಾರ್ಡಿಯನ್ ಕಾಗದ ಮಾಡಿಸೋದು, ಅದನ್ನ ತಪ್ಪು ಅನ್ನೋಕೆ ನನ್ನ ನಾಲಿಗೆ ಏಳಲ್ಲ. ಆದ್ರೆ ಆ ಕಾಗದದಲ್ಲಿ ಏನು ಬರೆಸ್ತೀವಿ ಅನ್ನೋದು ನಮ್ಮ ಕೈಲಿದೆ. ಗಾರ್ಡಿಯನ್ ಬೇಕಾ ಅನ್ನೋದ್ರ ಜೊತೆಗೆ ಯಾವ ಉದ್ದೇಶಕ್ಕೆ ಬೇಕು ಅಂತ್ಲೂ ಸಮಿತಿ ನೋಡ್ಲೇಬೇಕು, 14ನೇ ಸೆಕ್ಷನ್ನಲ್ಲಿ ಇದೆ, 2016ರದ್ದಲ್ಲ, 1999ರ ಕಾಯ್ದೆಯದ್ದು. ಎಲ್ಲದಕ್ಕೂ ಅಂತ ಬರೆಯೋ ಬದ್ಲು ಬ್ಯಾಂಕ್ ಖಾತೆ ನಡೆಸೋದಕ್ಕೆ ಅಂತ ಬರೆದ್ರೆ ಉಳಿದಿದ್ದೆಲ್ಲ ಅವನ ಕೈಲೇ ಉಳಿಯತ್ತೆ.

ನಾವು ಅರ್ಜಿಯಲ್ಲಿ ಹಂಗೇ ಬರೆದಿದೀವಿ. ಬ್ಯಾಂಕ್ ಖಾತೆಗೆ ಮಾತ್ರ, ಗಾರ್ಡಿಯನ್ ದೊಡ್ಡಾಯಿ. ತಮ್ಮಂದಿರ ಹೆಸರು ಹಾಕಿಲ್ಲ, ಅವ್ರೇನು ಕೆಟ್ಟವ್ರಲ್ಲ, ಆದ್ರೆ ಬೇಲಿಯ ಆಚೆ ಕಡೆ ತೋಟ ಅವ್ರದ್ದೇ. ಹಿಸ್ಸೆ ಕರಡಲ್ಲಿ ಕೊಟ್ಟಿಗೆ ಅಣ್ಣಯ್ಯನ ಪಾಲಿಗೆ ಅಂತ ಸೇರಿಸಾಯ್ತು, ಇನ್ನೂ ನೋಂದಣಿ ಆಗಿಲ್ಲ, ಅಲ್ಲಿ ಇವನ ಮುಖ ನೋಡಿ ಏನಂತಾರೋ ಗೊತ್ತಿಲ್ಲ. 13ನೇ ಸೆಕ್ಷನ್ನಿನ ಜೆರಾಕ್ಸ್ ಎರಡು ಕಾಪಿ ಮಾಡಿಸಿ ಇಟ್ಟಿದೀನಿ. ಮಳೆ ಒಂಚೂರು ಕಮ್ಮಿಯಾದ ಮೇಲೆ ಘಟ್ಟ ಇಳಿದು ಕಾರವಾರಕ್ಕೆ ಹೋಗ್ಬೇಕು, ಅಣ್ಣಯ್ಯನೂ ಬರ್ತಾನಂತೆ, ಸಮುದ್ರ ನೋಡೋದಿದೆ ಅಂತ ಈಗ್ಲೇ ಅಂಗಿ ತೆಗೆದಿಟ್ಟಿದಾನೆ.